ಅಗ್ನಿಯೊಡನೆ ಹೋರಾಡಿದ ಜೇಮ್ಸ್ ಬ್ರೇಡ್‌ವುಡ್



ಸೆಂಟ್ರಲ್ ರೈಲು ನಿಲ್ದಾಣದಿಂದ ಹೊರಬಿದ್ದು ರಿಪ್ಪನ್ ಕಟ್ಟಡದತ್ತ ನಡೆದುಹೋಗುವಾಗ ನೀವು ತುಳಿಯುವ ನೆಲವು ಒಂದು ಕಾಲದಲ್ಲಿ ವಿಶಾಲವಾದ ಉದ್ಯಾನವಾಗಿತ್ತು. ಅದಕ್ಕೆ ಪೀಪಲ್ಸ್ ಪಾರ್ಕ್ ಎಂದು ಹೆಸರು. ೧೮೮೬ನೆಯ ಇಸವಿಯ ಕಟ್ಟಕಡೆಯ ದಿನ, ಡಿಸೆಂಬರ್ ೩೧ರಂದು, ಅಲ್ಲಿ ಜಾತ್ರೆ ನೆರೆದಿದ್ದಾಗ ಚಪ್ಪರಗಳಿಗೆ ಬೆಂಕಿ ತಗುಲಿತು. ಹೊಸ ಬಟ್ಟೆ ತೊಟ್ಟು ನೋಟ ನೋಡಲು ಬಂದಿದ್ದ ನೂರಾರು ಜನ ಹೊರಬರಲಾರದೆ ಅಲ್ಲಿಯೇ ಮಡಿದರು. ಮದ್ರಾಸಿನ ಅಗ್ನಿಶಾಮಕ ದಳವು ಹುಟ್ಟಿದ್ದು ೧೯೦೮ರಲ್ಲಿ. ಆ ಸಂಜೆಗೆ ಇಪ್ಪತ್ತೆರಡು ವರ್ಷ ತಡವಾಗಿ.

ಊರಿಗೆ ಬೆಂಕಿ ಬಿದ್ದರೆ ಓಡಿಬಂದು ನಂದಿಸುವುದು ಎಲ್ಲರ ಕೆಲಸ. ಆದರೆ ಎಲ್ಲರ ಕೆಲಸವಾದದ್ದು ಬಹಳ ಸಲ ಯಾರ ಕೆಲಸವೂ ಆಗುವುದಿಲ್ಲ. ನಾನು ಹುಡುಗನಾಗಿದ್ದಾಗ ನಮ್ಮ ಹಳ್ಳಿಯಲ್ಲಿ ಒಂದು ಹುಲ್ಲಿನ ಬಣವೆ ಹೊತ್ತಿಕೊಂಡಿತು. ಊರಿಗೆ ಊರೇ ಕೊಡ, ಬಿಂದಿಗೆ, ಬಕೀಟುಗಳನ್ನು ಹಿಡಿದು ಧಾವಿಸಿತು. ಕೂಗದವರು ಒಬ್ಬರೂ ಇಲ್ಲ, ಅಪ್ಪಣೆ ಕೊಡದವರೂ ಒಬ್ಬರಿಲ್ಲ. ನೀರೆಲ್ಲ ಮೇಲಿನ ಜ್ವಾಲೆಯ ಮೇಲೆ ಬಿದ್ದು ಹಬೆಯಾಯಿತೇ ಹೊರತು ಒಡಲಿನ ಕೆಂಡಕ್ಕೆ ತಾಗಲಿಲ್ಲ. ಕೊನೆಗೆ ಒಬ್ಬ ಮುದುಕರು ಸುಡುತ್ತಿದ್ದ ಬಣವೆಯನ್ನು ಬಿಟ್ಟು ಪಕ್ಕದ ಬಣವೆಯನ್ನು ಕಿತ್ತೆಳೆಸಿದ್ದರಿಂದ ಉಳಿದ ಮೇವು ಉಳಿಯಿತು. ಬೆಂಕಿ ಆರಿಸುವುದಕ್ಕೆ ಧೈರ್ಯದೊಡನೆ ಒಂದು ವಿದ್ಯೆಯೂ ಬೇಕೆಂದು ನನಗೆ ಅಂದೇ ತೋರಿತು. ಆ ವಿದ್ಯೆಯನ್ನು ಮೊದಲು ಕ್ರಮವಾಗಿ ಕಲಿತು, ಬರೆದು, ಕಲಿಸಿದವನು ಜೇಮ್ಸ್ ಬ್ರೇಡ್‌ವುಡ್. ಅವನ ಜೀವನವನ್ನು ನಿಮಗೆ ಹೇಳಬೇಕೆಂದು ಬಹುದಿನಗಳಿಂದ ಅಂದುಕೊಂಡಿದ್ದೆನು.

ಬ್ರೇಡ್‌ವುಡ್ಡನು ೧೮೦೦ರಲ್ಲಿ ಸ್ಕಾಟ್ಲೆಂಡಿನ ಎಡಿನ್‌ಬರೋ ನಗರದಲ್ಲಿ ಜನಿಸಿದನು. ತಂದೆ ಮರದ ಪೀಠೋಪಕರಣಗಳನ್ನು ಮಾಡುವ ಕಸುಬಿನವನು. ಮಗನು ಆ ನಗರದ ಹೆಸರಾಂತ ಹೈಸ್ಕೂಲಿನಲ್ಲಿ ಓದಿ, ಕಟ್ಟಡಗಳ ಅಳತೆ ಮತ್ತು ನಿರ್ಮಾಣದ ಕೆಲಸದಲ್ಲಿ ಪಳಗಿದನು. ಗೋಡೆಯ ಭಾರವನ್ನು ಯಾವುದು ಹೊರುತ್ತದೆ, ತೊಲೆ ಸುಟ್ಟರೆ ಯಾವುದು ಮೊದಲು ಬೀಳುತ್ತದೆ ಎಂಬುದನ್ನು ಅವನು ಬೆಂಕಿಯನ್ನು ಎದುರಿಸುವುದಕ್ಕೆ ಮೊದಲೇ ಅರಿತಿದ್ದನು.

ಆ ಕಾಲದ ಎಡಿನ್‌ಬರೋ ಬೆಟ್ಟದ ನೆತ್ತಿಯ ಮೇಲೆ ಇಕ್ಕಟ್ಟಾಗಿ ಬೆಳೆದ ಊರು. ಓಣಿಗಳು ಎರಡು ತೋಳಗಲ. ಮನೆಗಳೋ ಏಳೆಂಟು ಅಂತಸ್ತು, ಇಳಿಜಾರಿನ ಕಡೆಯಿಂದ ಎಣಿಸಿದರೆ ಹತ್ತು ಹನ್ನೊಂದು. ಬೆಂಕಿ ಆರಿಸುವ ಯಂತ್ರಗಳು ವಿಮಾ ಕಂಪೆನಿಗಳಿಗೆ ಸೇರಿದವು. ಪ್ರತಿ ಕಂಪೆನಿಯೂ ತಾನು ವಿಮೆ ಮಾಡಿದ ಮನೆಯ ಗೋಡೆಗೆ ಲೋಹದ ಬಿಲ್ಲೆಯೊಂದನ್ನು ಬಡಿಯುತ್ತಿತ್ತು. ಬೇರೆ ಕಂಪೆನಿಯ ಬಿಲ್ಲೆ ಕಂಡರೆ ಆಳುಗಳು ಕೈಕಟ್ಟಿ ನಿಂತು ನೋಡುತ್ತಿದ್ದರೆಂಬ ಕಥೆಯನ್ನು ಇಂದಿಗೂ ಹೇಳುವುದುಂಟು. ಅದಕ್ಕೆ ಗಟ್ಟಿಯಾದ ಆಧಾರವಿಲ್ಲ. ಆದರೆ ಹಲವು ಯಜಮಾನರ ಹಲವು ಯಂತ್ರಗಳು ಒಂದೇ ಬೆಂಕಿಗೆ ಬಂದಾಗ ಗೊಂದಲವಾಗುತ್ತಿದ್ದುದು ಮಾತ್ರ ನಿಜ.

೧೮೨೪ರಲ್ಲಿ ನಗರಸಭೆಯೂ ವಿಮಾ ಕಂಪೆನಿಗಳೂ ಕೂಡಿ ಊರಿಗೆಲ್ಲ ಒಂದೇ ಅಗ್ನಿಶಾಮಕ ದಳವನ್ನು ಏರ್ಪಡಿಸಿ, ಇಪ್ಪತ್ತನಾಲ್ಕು ವರ್ಷದ ಬ್ರೇಡ್‌ವುಡ್ಡನನ್ನು ಅದಕ್ಕೆ ಒಡೆಯನನ್ನಾಗಿ ಮಾಡಿದವು. ಅವನು ಆಳುಗಳನ್ನು ಆರಿಸಿದ ರೀತಿಯನ್ನು ಗಮನಿಸಿರಿ. ಮೈಕಟ್ಟಿನ ಜಟ್ಟಿಗಳನ್ನು ಹುಡುಕದೆ, ಮಾಡಿಗೆ ಕಲ್ಲುಹಲಗೆ ಹೊದಿಸುವವರು, ಬಡಗಿಗಳು, ಗಾರೆಯವರು, ಕೊಳಾಯಿ ಕೆಲಸದವರು, ಇಂಥ ತರುಣರನ್ನೇ ಸೇರಿಸಿಕೊಂಡನು. ಮಾಡಿನ ಮೇಲೆ ನಡೆದು ಬಲ್ಲವನಿಗೆ ಕತ್ತಲೆಯಲ್ಲಿಯೂ ಕಾಲು ಜಾರುವುದಿಲ್ಲ. ತೊಲೆ ಕೂರಿಸಿದವನಿಗೆ ಅದು ಮುರಿಯುವ ಸದ್ದು ತಿಳಿಯುತ್ತದೆ.

ದಳವು ಹುಟ್ಟಿ ಕೆಲವೇ ವಾರಗಳಾಗಿದ್ದುವು. ನವೆಂಬರ್ ೧೫ರ ರಾತ್ರಿ ಹೈ ಸ್ಟ್ರೀಟಿನ ಬಳಿಯ ಒಂದು ಓಣಿಯಲ್ಲಿ, ತಾಮ್ರದ ತಗಡಿನಲ್ಲಿ ಚಿತ್ರ ಕೊರೆಯುವವರ ಕಾರ್ಖಾನೆಯಿಂದ ಬೆಂಕಿ ಎದ್ದಿತು. ಮರುದಿನ ಟ್ರಾನ್ ಚರ್ಚಿನ ಶಿಖರಕ್ಕೆ ಕಿಡಿ ಹಾರಿ ಶಿಖರವೇ ಉರಿದು ಉರುಳಿತು. ದಿನಗಟ್ಟಲೆ ನಗರದ ಹೃದಯಭಾಗ ಬೆಂದಿತು. ಹತ್ತಕ್ಕೂ ಮಿಕ್ಕಿ ಜನ ಸತ್ತರು. ನೂರಾರು ಕುಟುಂಬಗಳು ಚಳಿಗಾಲದ ಬಾಗಿಲಲ್ಲಿ ಬೀದಿಪಾಲಾದುವು. ಊರೆಲ್ಲ ಹೊಸ ದಳವನ್ನೂ ಅದರ ಎಳೆಯ ಒಡೆಯನನ್ನೂ ದೂರಿತು. ಆದರೆ ತರುವಾಯ ನಡೆದ ವಿಚಾರಣೆಯಲ್ಲಿ ಬೇರೆ ಸಂಗತಿ ಹೊರಬಿದ್ದಿತು. ಬೆಂಕಿಯ ಮುಂದೆ ನಿಂತ ನಗರದ ದೊಡ್ಡ ಮನುಷ್ಯರು ಒಬ್ಬೊಬ್ಬರೂ ಒಂದೊಂದು ಅಪ್ಪಣೆ ಕೊಟ್ಟಿದ್ದರು. ಯಂತ್ರವನ್ನು ಇಲ್ಲಿಗೆ ಎಳೆಯಿರೆಂದು ಒಬ್ಬರು, ಅಲ್ಲಿಗೆಂದು ಇನ್ನೊಬ್ಬರು. ನಮ್ಮ ಹಳ್ಳಿಯ ಬಣವೆಯ ಕಥೆಯೇ! ಅಂದಿನಿಂದ ಬೆಂಕಿಯ ಸ್ಥಳದಲ್ಲಿ ದಳದ ಒಡೆಯನೊಬ್ಬನ ಮಾತು ಮಾತ್ರ ನಡೆಯತಕ್ಕದ್ದೆಂದು ಗೊತ್ತಾಯಿತು. ಆ ಸೋಲಿನಿಂದ ಅವನಿಗೆ ದೊರೆತ ದೊಡ್ಡ ಲಾಭವಿದು.

ಮುಂದಿನ ಎಂಟು ವರ್ಷ ಅವನು ತನ್ನ ಆಳುಗಳನ್ನು ವಾರಕ್ಕೊಮ್ಮೆ ಬೆಳಗಿನ ಜಾವ ನಾಲ್ಕು ಗಂಟೆಗೆ ಎಬ್ಬಿಸಿ ಕತ್ತಲೆಯಲ್ಲಿಯೇ ತಾಲೀಮು ಕೊಟ್ಟನು. ಗದ್ದಲದಲ್ಲಿ ಮಾತು ಕೇಳಿಸದೆಂದು ಹಡಗಿನವರ ಸೀಟಿಯ ಸಂಜ್ಞೆಗಳನ್ನು ಕಲಿಸಿದನು. ಕಿಟಕಿಯಿಂದ ಜನರನ್ನು ಇಳಿಸುವ ಹಗ್ಗ, ಸರಪಳಿ, ಏಣಿಗಳ ಉಪಾಯಗಳನ್ನು ಹೂಡಿದನು. ಒಮ್ಮೆ ಕಬ್ಬಿಣದ ಸಾಮಾನಿನ ಅಂಗಡಿಯೊಂದು ಹೊತ್ತಿದಾಗ ಒಳಗೆ ಸಿಡಿಮದ್ದು ಇದೆಯೆಂದು ತಿಳಿಯಿತು. ಆ ಕೆಲಸಕ್ಕೆ ಆಳನ್ನು ಕಳುಹಿಸದೆ ತಾನೇ ಒಳಹೊಕ್ಕು ಮದ್ದಿನ ಪೀಪಾಯಿಗಳನ್ನು ಹೊತ್ತು ತಂದನು. ೧೮೩೦ರಲ್ಲಿ ಅಗ್ನಿಶಾಮಕ ಯಂತ್ರಗಳ ರಚನೆ, ಆಳುಗಳ ಶಿಕ್ಷಣ, ಬೆಂಕಿಯನ್ನು ಎದುರಿಸುವ ಕ್ರಮ ಇವುಗಳನ್ನು ಕುರಿತು ಪುಸ್ತಕ ಬರೆದು ಪ್ರಕಟಿಸಿದನು. ಅದು ಲಂಡನ್ನಿನವರ ಕಣ್ಣಿಗೆ ಬಿದ್ದಿತು.

ಲಂಡನ್ನಿನ ಹತ್ತು ವಿಮಾ ಕಂಪೆನಿಗಳು ೧೮೩೩ರ ಜನವರಿ ೧ರಂದು ತಮ್ಮ ದಳಗಳನ್ನೆಲ್ಲ ಒಂದುಗೂಡಿಸಿ ಬ್ರೇಡ್‌ವುಡ್ಡನ ಕೈಗೆ ಒಪ್ಪಿಸಿದವು. ಅಷ್ಟು ದೊಡ್ಡ ನಗರಕ್ಕೆ ಅವನ ಬಳಿ ಇದ್ದ ಆಳುಗಳು ಸುಮಾರು ೮೦. ಮುಖ್ಯ ಠಾಣೆ ವಾಟ್ಲಿಂಗ್ ಬೀದಿಯಲ್ಲಿ. ಇಲ್ಲಿ ಅವನು ಹೆಚ್ಚಾಗಿ ನಾವಿಕರನ್ನು ಸೇರಿಸಿಕೊಂಡನು. ಹಗಲು ರಾತ್ರಿಯೆನ್ನದೆ ಸರದಿಯಂತೆ ಕಾವಲಿರುವುದು, ಹೇಳಿದೊಡನೆ ಎದ್ದು ಏರುವುದು, ಹಗ್ಗದ ಮೇಲೆ ನಂಬಿಕೆಯಿಡುವುದು ಅವರಿಗೆ ಸಹಜವಾಗಿತ್ತು.

ಆ ಕಾಲದ ಯಂತ್ರ ಹೇಗಿತ್ತೆಂಬುದನ್ನು ಇಲ್ಲಿ ಸ್ವಲ್ಪ ವಿವರವಾಗಿ ಹೇಳಬೇಕು. ನಮ್ಮ ಚೆನ್ನೈಯ ಬೀದಿಗಳಲ್ಲಿ ನೀವು ಕೈಪಂಪನ್ನು ಕಂಡಿದ್ದೀರಿ. ಅಂಥ ಪಂಪುಗಳೆರಡನ್ನು ಒಂದು ಪೆಟ್ಟಿಗೆಯೊಳಗಿಟ್ಟು, ಪೆಟ್ಟಿಗೆಯನ್ನು ನಾಲ್ಕು ಚಕ್ರದ ಬಂಡಿಯ ಮೇಲೆ ಕೂರಿಸಿ, ಎರಡು ಪಕ್ಕಗಳಲ್ಲಿಯೂ ಉದ್ದವಾದ ಹಿಡಿಗಳನ್ನು ಜೋಡಿಸಿದಂತೆ ಊಹಿಸಿಕೊಳ್ಳಿರಿ. ಎರಡು ಕುದುರೆಗಳು ಬಂಡಿಯನ್ನು ಎಳೆಯುವುವು; ಆಳುಗಳು ಪೆಟ್ಟಿಗೆಯ ಮೇಲೆ ಎರಡು ಬದಿಗೂ ಕಾಲು ಇಳಿಬಿಟ್ಟು ಕುಳಿತು ಹಾದಿ ಬಿಡಿರೆಂದು ಕೂಗುತ್ತ ಹೋಗುವರು. ಕಲ್ಲು ಹಾಸಿದ ಬೀದಿಯಲ್ಲಿ ಗೊರಸುಗಳಿಂದ ಕಿಡಿ ಹಾರುತ್ತ ಧಾವಿಸುವ ಆ ಜೋಡಿಯನ್ನು ನೋಡಲು ಮಕ್ಕಳು ಬಾಗಿಲಿಗೆ ಓಡಿ ಬರುತ್ತಿದ್ದರಂತೆ. ವಾಟ್ಲಿಂಗ್ ಬೀದಿಯ ಠಾಣೆಗೆ ತಾನಾಗಿಯೇ ಬಂದು ಸೇರಿದ ಛಾನ್ಸ್ ಎಂಬ ಬೀದಿನಾಯಿಯೊಂದು ಪ್ರತಿ ಬೆಂಕಿಗೂ ಬಂಡಿಯ ಹಿಂದೆ ಓಡುತ್ತಿತ್ತು. ಊರಿಗೆಲ್ಲ ಅದರ ಗುರುತಿತ್ತು.

ಕುದುರೆಗಳು ಬೇಗನೆ ತಲುಪಿಸಿದರೂ ನೀರು ಬೇಗನೆ ದೊರೆಯುತ್ತಿರಲಿಲ್ಲ. ನೀರುಗಂಟಿ ಬಂದು ಬೀದಿಯ ಕೊಳಾಯಿಗೆ ನೀರು ಬಿಡಬೇಕು. ನೆಲದೊಳಗಿನ ಕೊಳವೆಗೆ ಹೊಡೆದಿದ್ದ ಮರದ ಬಿರಡೆಯನ್ನು ಕಿತ್ತಾಗ ಚಿಮ್ಮುವ ನೀರನ್ನು ಕಿತ್ತಾನಿನ ತೊಟ್ಟಿಯಲ್ಲಿ ಹಿಡಿಯಬೇಕು. ಅದರಿಂದ ಯಂತ್ರವು ಹೀರಿ ಚರ್ಮದ ಕೊಳವೆಯ ಮೂಲಕ ಬೆಂಕಿಗೆ ಎರಚಬೇಕು. ಹಿಡಿಗಳನ್ನು ಒತ್ತುವುದಕ್ಕೆ ಒಂದೊಂದು ಯಂತ್ರಕ್ಕೂ ಇಪ್ಪತ್ತಕ್ಕಿಂತ ಹೆಚ್ಚು ಜನ ಬೇಕು. ಅವರನ್ನು ದಾರಿಹೋಕರ ಗುಂಪಿನಿಂದಲೇ ಕರೆಯುತ್ತಿದ್ದರು. ಮೊದಲ ಗಂಟೆಗೆ ಒಂದು ಶಿಲಿಂಗ್, ತರುವಾಯ ಗಂಟೆಗೆ ಆರು ಪೆನ್ಸ್, ಜೊತೆಗೆ ಬೀರು. ಬೀರು ಬರುವುದು ತಡವಾದರೆ ಹಾಡುತ್ತ ಒತ್ತುತ್ತಿದ್ದ ಕೈಗಳು ನಿಂತುಬಿಡುತ್ತಿದ್ದುವು!

ಇಂಥ ಸಾಧನಗಳನ್ನು ಹಿಡಿದು ಬೆಂಕಿಯನ್ನು ಗೆಲ್ಲುವುದಾದರೂ ಹೇಗೆ? ಬ್ರೇಡ್‌ವುಡ್ಡನ ಉತ್ತರ ಸರಳವಾದದ್ದು, ಭಯಂಕರವಾದದ್ದೂ ಹೌದು. ಅವನಿಗೆ ಮೊದಲು ಲಂಡನ್ನಿನವರು ಬೀದಿಯಲ್ಲಿ ನಿಂತು ಕಿಟಕಿಗಳತ್ತ ನೀರು ಹಾರಿಸುತ್ತಿದ್ದರು. ಹೊಗೆಗೆ ನೀರೆರೆದರೆ ಪ್ರಯೋಜನವಿಲ್ಲ, ಒಳಗೆ ಹೋಗಿ ಉರಿಯುವ ವಸ್ತುವಿಗೇ ನೀರು ತಾಗುವಷ್ಟು ಹತ್ತಿರ ನಿಲ್ಲಬೇಕು ಎಂಬುದು ಅವನ ಸಿದ್ಧಾಂತ. ಹೊಗೆ ಮೇಲಕ್ಕೇರುವುದರಿಂದ ನೆಲದ ಬಳಿ ಉಸಿರಾಡಲು ಗಾಳಿ ಉಳಿದಿರುತ್ತದೆ; ಆದುದರಿಂದ ತೆವಳಿಕೊಂಡು ಹೋಗಬೇಕು. ಒಬ್ಬನೇ ಎಂದಿಗೂ ಒಳಹೋಗಕೂಡದು. ಒಬ್ಬನು ಬಿದ್ದರೆ ಎಳೆದು ತರಲು ಇನ್ನೊಬ್ಬನಿರಬೇಕು. ಬಾಗಿಲುಗಳನ್ನು ಮುಚ್ಚಿಟ್ಟು ಬೆಂಕಿಗೆ ಗಾಳಿಯನ್ನು ತಪ್ಪಿಸಬೇಕು. ಈ ಮಾತುಗಳನ್ನು ಇಂದು ಶಾಲೆಯ ಮಕ್ಕಳಿಗೂ ಕಲಿಸುತ್ತಾರೆ.

೧೮೩೪ರ ಅಕ್ಟೋಬರ್ ೧೬ರಂದು ಅವನಿಗೆ ಲಂಡನ್ನಿನಲ್ಲಿ ಮೊದಲ ದೊಡ್ಡ ಪರೀಕ್ಷೆ ಒದಗಿತು. ಇಂಗ್ಲೆಂಡಿನ ಸರ್ಕಾರವು ಹಿಂದೆ ತನ್ನ ಲೆಕ್ಕಗಳನ್ನು ಮರದ ಕಡ್ಡಿಗಳ ಮೇಲೆ ಕಚ್ಚು ಹಾಕಿ ಇಡುತ್ತಿತ್ತು. ನಮ್ಮ ಹಾಲಿನವರು ಗೋಡೆಯ ಮೇಲೆ ಗೆರೆ ಎಳೆಯುವಂತೆ. ಬೇಡವಾದ ಆ ಕಡ್ಡಿಗಳನ್ನು ಪಾರ್ಲಿಮೆಂಟ್ ಭವನದ ಒಲೆಗಳಲ್ಲಿ ಇಡೀ ದಿನ ಸುಟ್ಟರು. ಒಲೆಯ ಕೊಳವೆಗಳು ಕಾದು ಸಂಜೆಗೆ ಭವನವೇ ಹೊತ್ತಿಕೊಂಡಿತು. ಅದು ಯಾವ ಕಂಪೆನಿಯಲ್ಲಿಯೂ ವಿಮೆ ಮಾಡಿದ ಕಟ್ಟಡವಲ್ಲ; ಬ್ರೇಡ್‌ವುಡ್ಡನಿಗೆ ಅಲ್ಲಿಗೆ ಹೋಗಬೇಕಾದ ಬಾಧ್ಯತೆಯಿರಲಿಲ್ಲ. ಆದರೂ ೧೨ ಯಂತ್ರಗಳನ್ನೂ ೬೪ ಜನರನ್ನೂ ಕರೆದುಕೊಂಡು ಹೋದನು. ಭವನದ ಬಹುಭಾಗವು ಉಳಿಯಲಾರದೆಂದು ಕಂಡಾಗ ಅದನ್ನು ಬಿಟ್ಟುಕೊಟ್ಟು, ಪುರಾತನವಾದ ವೆಸ್ಟ್‌ಮಿನ್‌ಸ್ಟರ್ ಹಾಲ್ ಒಂದನ್ನು ರಕ್ಷಿಸಲು ಬಲವನ್ನೆಲ್ಲ ಅಲ್ಲಿ ಕೂಡಿಸಲಾಯಿತು. ಯಂತ್ರಗಳನ್ನು ಹಾಲಿನ ಒಳಕ್ಕೇ ತಂದು, ಮೇಲಿನ ಮರದ ಮಾಡನ್ನು ತೋಯಿಸುತ್ತ ರಾತ್ರಿಯನ್ನು ಕಳೆದರು. ಆ ಹಾಲು ಇಂದಿಗೂ ನಿಂತಿದೆ. ಇಷ್ಟಾದ ಮೇಲೆ ವಿಮಾ ಕಂಪೆನಿಗಳು ಅಗ್ನಿಶಾಮಕ ದಳವನ್ನು ಸರ್ಕಾರವೇ ವಹಿಸಿಕೊಳ್ಳಬೇಕೆಂದು ಕೇಳಿಕೊಂಡುವು. ಸರ್ಕಾರ ಒಪ್ಪಲಿಲ್ಲ.

ಅವನ ಒಂದು ಹಟವನ್ನೂ ಮರೆಮಾಚದೆ ಹೇಳಬೇಕು. ಹಬೆಯಂತ್ರದಿಂದ ನೀರು ಹಾರಿಸಬಹುದೆಂಬುದು ೧೮೩೦ರ ಸುಮಾರಿಗೇ ಲಂಡನ್ನಿನಲ್ಲಿ ಸಿದ್ಧವಾಗಿ ತೋರಿತ್ತು. ಬ್ರೇಡ್‌ವುಡ್ಡನು ಬೇಡವೆಂದನು. ನೀರು ಬಲವಾಗಿ ದೂರದಿಂದಲೇ ಹಾರುವುದಾದರೆ ಆಳುಗಳು ಪುನಃ ಬೀದಿಯಲ್ಲಿಯೇ ನಿಂತುಬಿಡುವರು, ಬೆಂಕಿಯ ಬಳಿಗೆ ಹೋಗುವ ಅಭ್ಯಾಸ ಕೆಟ್ಟುಹೋಗುವುದೆಂದು ಅವನ ಅಂಜಿಕೆ. ನದಿಯ ಮೇಲಿನ ತೇಲುಯಂತ್ರಕ್ಕೆ ಹಬೆಯನ್ನು ಜೋಡಿಸಲು ೧೮೫೨ರಲ್ಲಿ ಒಪ್ಪಿದನು. ನೆಲದ ಮೇಲಿನ ಹಬೆಯಂತ್ರವನ್ನು ಬಳಸಲು ೧೮೬೦ರವರೆಗೂ ತಡಮಾಡಿದನು. ಇಲ್ಲಿ ಅವನು ತಪ್ಪಿದನೆಂದೇ ನನ್ನ ಎಣಿಕೆ. ಒಂದು ಒಳ್ಳೆಯ ನಿಯಮವನ್ನು ಕಂಡುಹಿಡಿದವನಿಗೆ ಅದರ ಮೇಲಿನ ಮಮತೆ ಅತಿಯಾಗುವುದುಂಟು.

ಆದರೆ ಇನ್ನೊಂದು ವಿಷಯದಲ್ಲಿ ಅವನು ಹೇಳಿದ್ದೇ ಸತ್ಯವಾಯಿತು. ಲಂಡನ್ನಿನ ಹೊಳೆಯ ದಡದಲ್ಲಿ ವರ್ತಕರು ಒಂದರ ಮೇಲೊಂದು ಅಂತಸ್ತಿನ ಮಹಾ ಉಗ್ರಾಣಗಳನ್ನು ಕಟ್ಟುತ್ತಿದ್ದರು. ನಡುವೆ ಗೋಡೆಗಳಿಲ್ಲದ ಅಂಥ ಕಟ್ಟಡ ಒಮ್ಮೆ ಹೊತ್ತಿದರೆ ಯಾವ ದಳದಿಂದಲೂ ಆರಿಸಲಾಗದೆಂದು ಅವನು ಮತ್ತೆ ಮತ್ತೆ ಎಚ್ಚರಿಸಿದನು. ಎರಕದ ಕಬ್ಬಿಣದ ಕಂಬಗಳಿಗೆ ಬೆಂಕಿಯ ಭಯವಿಲ್ಲವೆಂದು ಕಟ್ಟುವವರು ನಂಬಿದ್ದರು. ಕಾದಾಗ ಅವು ನಂಬಿಸಿ ಕೈಬಿಡುತ್ತವೆಂದು ೧೮೪೯ರಲ್ಲಿ ಎಂಜಿನಿಯರುಗಳ ಸಂಸ್ಥೆಯ ಮುಂದೆಯೇ ಪ್ರಬಂಧ ಓದಿದನು. ಕೇಳಿದವರು ಕೆಲವರು.

೧೮೬೧ನೆಯ ಜೂನ್ ೨೨, ಶನಿವಾರ. ಥೇಮ್ಸ್ ನದಿಯ ದಕ್ಷಿಣ ದಡದಲ್ಲಿ, ಟೂಲಿ ಬೀದಿಯ ಬಳಿ ಕಾಟನ್ಸ್ ವಾರ್ಫ್ ಎಂಬ ಹಡಗುಕಟ್ಟೆಯ ಉಗ್ರಾಣದಲ್ಲಿ ಸಂಜೆ ಹೊಗೆ ಕಾಣಿಸಿತು. ಅಲ್ಲಿ ತುಂಬಿದ್ದ ಸರಕಿನ ಲೆಕ್ಕವನ್ನು ಕೇಳಿರಿ: ೫,೦೦೦ ಟನ್ ಅಕ್ಕಿ, ೩,೦೦೦ ಟನ್ ಸಕ್ಕರೆ, ೧,೧೦೦ ಟನ್ ಸೆಣಬು, ೧,೦೦೦ ಟನ್ ಹೆಂಪು ನಾರು, ೧೮,೦೦೦ ಬೇಲು ಹತ್ತಿ, ೧೦,೦೦೦ ಪೀಪಾಯಿ ಪ್ರಾಣಿಗಳ ಕೊಬ್ಬು. ಸೆಣಬು ನಮ್ಮ ಬಂಗಾಳದ ಬೆಳೆ. ಕಡಲು ದಾಟಿ ಹೋದ ನಮ್ಮ ದೇಶದ ದುಡಿಮೆಯೂ ಆ ಉಗ್ರಾಣಗಳಲ್ಲಿತ್ತೆಂದು ನೆನೆದರೆ ಈ ಬೆಂಕಿ ನಮಗೆ ತೀರ ದೂರದ್ದೆನಿಸುವುದಿಲ್ಲ. ಕೋಣೆಗಳ ನಡುವೆ ಕಬ್ಬಿಣದ ಬಾಗಿಲುಗಳೇನೋ ಇದ್ದುವು. ಅವುಗಳನ್ನು ಮುಚ್ಚಿರಲಿಲ್ಲವೆಂದು ಹೇಳುತ್ತಾರೆ.

ಬ್ರೇಡ್‌ವುಡ್ಡನು ಒಡನೆಯೇ ಬಂದನು. ಒಂದರ ಹಿಂದೊಂದು ಯಂತ್ರಗಳು ಬಂದುವು. ಆದರೆ ನದಿಯಲ್ಲಿ ಇಳಿತದ ವೇಳೆ. ನೀರು ದೂರಕ್ಕೆ ಸರಿದು ತೇಲುಯಂತ್ರಕ್ಕೆ ಕೆಲಸವಿಲ್ಲದಾಯಿತು. ಕರಗಿದ ಕೊಬ್ಬು ಉರಿಯುತ್ತಲೇ ಹೊಳೆಗೆ ಹರಿದು ನೀರಿನ ಮೇಲೆ ಜ್ವಾಲೆ ತೇಲಿತು. ಸಹಸ್ರಾರು ಜನ ಸೇತುವೆಯ ಮೇಲೂ ದಡಗಳಲ್ಲಿಯೂ ನೆರೆದು ನೋಡುತ್ತಿದ್ದರು. ಅರುವತ್ತು ವರ್ಷದ ಒಡೆಯನು ಕಾವಿನಲ್ಲಿ ಬೆಂದು ಬಳಲಿದ ತನ್ನ ಆಳುಗಳ ಬಳಿಗೆ ಒಬ್ಬೊಬ್ಬರನ್ನಾಗಿ ಅರಸಿ ಹೋಗಿ, ಆ ಕಾಲದ ರೂಢಿಯಂತೆ ಒಂದೊಂದು ಗುಟುಕು ಬ್ರಾಂದಿಯನ್ನು ಹಂಚುತ್ತಿದ್ದನು. ರಾತ್ರಿ ಏಳೂವರೆಯ ಸುಮಾರಿಗೆ ಉಗ್ರಾಣದ ಒಂದು ಗೋಡೆ ಮುಂದಕ್ಕೆ ಉಬ್ಬಿ, ಬಿರಿದು, ಅವನ ಮೇಲೆಯೂ ಅವನೊಡನಿದ್ದ ಇನ್ನೊಬ್ಬನ ಮೇಲೆಯೂ ಕುಸಿದುಬಿದ್ದಿತು. ಗೋಡೆ ಯಾವಾಗ ಬೀಳುವುದೆಂದು ಆ ನಗರದಲ್ಲಿ ಅವನಿಗಿಂತ ಚೆನ್ನಾಗಿ ಬಲ್ಲವರಿರಲಿಲ್ಲ. ಆದರೂ ಅವನ ಆಳುಗಳು ಅಲ್ಲಿದ್ದುದರಿಂದ ಅವನೂ ಅಲ್ಲಿದ್ದನು. ಇಟ್ಟಿಗೆಯ ರಾಶಿಯನ್ನು ಸರಿಸಿ ದೇಹವನ್ನು ಹೊರತೆಗೆಯುವುದಕ್ಕೆ ಎರಡು ದಿನಗಳಿಗೂ ಹೆಚ್ಚು ಹಿಡಿಯಿತು.

೨೦೧೭ರ ಮೇ ೩೧ರಂದು ನಮ್ಮ ತಿಯಾಗರಾಯ ನಗರದ ಉಸ್ಮಾನ್ ರಸ್ತೆಯ ಬಹು ಅಂತಸ್ತಿನ ಬಟ್ಟೆಯಂಗಡಿ ಹೊತ್ತಿ ಉರಿದುದು ನಿಮ್ಮಲ್ಲಿ ಕೆಲವರ ಮನೆಯ ಹಿರಿಯರಿಗೆ ನೆನಪಿದ್ದೀತು. ದೂರದಲ್ಲಿ ನಿಂತು ಆ ಹೊಗೆಯನ್ನು ನೋಡಿದವರಲ್ಲಿ ನಾನೂ ಒಬ್ಬನು. ನಮ್ಮನ್ನು ಯಾರೂ ಹತ್ತಿರಕ್ಕೆ ಬಿಡಲಿಲ್ಲ, ಜನ ಗೊಣಗಿದರು. ಆ ರಾತ್ರಿ ಕಳೆಯುವುದರೊಳಗೆ ಕಟ್ಟಡದ ಒಂದು ಭಾಗ ಕುಸಿದುಬಿದ್ದಿತು. ಕೆಳಗೆ ಯಾರೂ ಇರಲಿಲ್ಲ. ಟೂಲಿ ಬೀದಿಯ ಗೋಡೆ ಅಂದು ನನ್ನ ನೆನಪಿಗೆ ಬಂದಿತು.

ಟೂಲಿ ಬೀದಿಯ ನಷ್ಟ ಸುಮಾರು ಇಪ್ಪತ್ತು ಲಕ್ಷ ಪೌಂಡು. ಇಂಥ ಭಾರವನ್ನು ತಾವು ಇನ್ನು ಹೊರಲಾರೆವೆಂದು ವಿಮಾ ಕಂಪೆನಿಗಳು ಖಂಡಿತವಾಗಿ ತಿಳಿಸಿದುವು. ೧೮೩೪ರಲ್ಲಿ ಒಪ್ಪದ ಸರ್ಕಾರ ಈಗ ಒಪ್ಪಿತು. ೧೮೬೫ರಲ್ಲಿ ಶಾಸನವಾಗಿ, ೧೮೬೬ರ ಜನವರಿ ೧ರಿಂದ ಲಂಡನ್ನಿಗೆ ಸಾರ್ವಜನಿಕ ಅಗ್ನಿಶಾಮಕ ದಳ ಬಂದಿತು. ಅದರ ಮುಖ್ಯಸ್ಥನಾದ ಮ್ಯಾಸಿ ಶಾ ಎಂಬವನು ಹಬೆಯಂತ್ರಗಳನ್ನು ಧಾರಾಳವಾಗಿ ತರಿಸಿದನು. ಅವುಗಳನ್ನೂ ಕುದುರೆಗಳೇ ಎಳೆದುವು. ಎಡಿನ್‌ಬರೋ ನಗರವು ತನ್ನ ಮಗನ ಪ್ರತಿಮೆಯನ್ನು ನಿಲ್ಲಿಸಿದ್ದು ೨೦೦೮ರಲ್ಲಿ, ಪಾರ್ಲಿಮೆಂಟ್ ಚೌಕದಲ್ಲಿ. ೧೮೨೪ರಲ್ಲಿ ಊರೆಲ್ಲ ಅವನನ್ನು ದೂರಿದ ಬೆಂಕಿ ಉರಿದ ಜಾಗ ಅದು.

ಅವನ ಶವಯಾತ್ರೆಯ ವಿಷಯವನ್ನು ಹೇಳುವುದೊಂದು ಉಳಿಯಿತು. ಜೂನ್ ೨೯ರಂದು ವಾಟ್ಲಿಂಗ್ ಬೀದಿಯಿಂದ ಅದು ಹೊರಟಿತು. ಮೆರವಣಿಗೆಯ ಉದ್ದ ಒಂದೂವರೆ ಮೈಲಿ. ಅಂಗಡಿಗಳು ಮುಚ್ಚಿದ್ದುವು, ಚರ್ಚುಗಳ ಗಂಟೆಗಳು ನಿಧಾನವಾಗಿ ಬಡಿಯುತ್ತಿದ್ದುವು. ಅಬ್ನಿ ಪಾರ್ಕ್ ಎಂಬ ಸ್ಮಶಾನದಲ್ಲಿ, ಕೆಲವು ವರ್ಷಗಳ ಹಿಂದೆ ಬೆಂಕಿ ಆರಿಸುವ ಕೆಲಸದಲ್ಲಿಯೇ ಪ್ರಾಣಬಿಟ್ಟಿದ್ದ ಅವನ ಮಲಮಗನ ಬಳಿಯಲ್ಲಿ ಅವನನ್ನು ಮಣ್ಣುಮಾಡಿದರು. ದಳದವರೆಲ್ಲರೂ ಅಲ್ಲಿಗೆ ಬರುವಂತಿರಲಿಲ್ಲ. ಟೂಲಿ ಬೀದಿಯ ನೆಲಮಾಳಿಗೆಗಳಲ್ಲಿ ಬೆಂಕಿ ಆ ದಿನವೂ ಆರಿರಲಿಲ್ಲ. ಅದು ಪೂರ್ತಿಯಾಗಿ ನಂದಲು ಇನ್ನೂ ಒಂದು ವಾರ ಬೇಕಾಯಿತು.